ಒಂದೇ ಚಿತ್ರ, ಇಪ್ಪತ್ತು ನಿಮಿಷ: ಬಾವುಟಗುಡ್ಡೆಯ ಚಾಪೆಲ್‌ನಲ್ಲಿ ನೋಡುವ ಕ್ರಮ

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ನೋಡಿ ಬಂದವರು ‘ಭಾರೀ ಚಂದ ಉಂಟು’ ಎನ್ನುತ್ತಾರೆ. ಯಾವ ಚಿತ್ರ, ಅದರಲ್ಲಿ ಯಾರಿದ್ದರು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಗೋಡೆಯಿಂದ ಚಾವಣಿಯವರೆಗೆ ತುಂಬಿದ ಚಿತ್ರಗಳ ನಡುವೆ ಹತ್ತು ನಿಮಿಷ ಕತ್ತೆತ್ತಿ ಸುತ್ತಿದರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಜನ ಒಂದು ಶ್ರೇಷ್ಠ ಕೃತಿಯ ಮುಂದೆ ನಿಂತದ್ದು ಸರಾಸರಿ 27 ಸೆಕೆಂಡು.

ಇಲ್ಲಿ ಹೇಳುವ ಕ್ರಮದಲ್ಲಿ ನೋಡುವುದು ಒಂದೇ ಚಿತ್ರ, ಇಪ್ಪತ್ತು ನಿಮಿಷ. ಧ್ಯಾನವೆಂದರೆ ಕಣ್ಣು ಮುಚ್ಚಿ ಮನಸ್ಸನ್ನು ಖಾಲಿ ಮಾಡುವುದು ಎಂದುಕೊಂಡವರು ಆ ಯೋಚನೆಯನ್ನು ಸ್ವಲ್ಪ ಬದಿಗಿಡಬೇಕು. ಚಿತ್ರದ ಮುಂದೆ ಮನಸ್ಸು ಖಾಲಿಯಾಗುವುದು ಬೇಡ, ಅದಕ್ಕೆ ಕೆಲಸ ಕೊಡಬೇಕು. ಕಣ್ಣಿಗೆ ಕೆಲಸ ಇರುವಷ್ಟು ಹೊತ್ತು ಮನಸ್ಸು ಅಲ್ಲಿಯೇ ಇರುತ್ತದೆ. ಕೆಲಸ ಮುಗಿದ ಕೂಡಲೇ ಸಂಜೆಯ ಬಸ್ಸಿನ ಚಿಂತೆ ಶುರುವಾಗುತ್ತದೆ.

ಹೋಗುವ ಮುನ್ನ

ಈ ಚಾಪೆಲ್‌ನ ಚಿತ್ರಗಳನ್ನು ಬರೆದವರು ಇಟಲಿಯ ಆಂತೋನಿಯೊ ಮೊಸ್ಕೇನಿ (1854–1905). ಬೆರ್ಗಾಮೊದ ಕಲಾಶಾಲೆಯಲ್ಲಿ ಕಲಿತು, ಯೇಸುಸಭೆ (ಜೆಸ್ವಿಟ್) ಎಂಬ ಕ್ರೈಸ್ತ ಸನ್ಯಾಸಿ ಸಂಘಕ್ಕೆ ಸಹೋದರನಾಗಿ, ಅಂದರೆ ಪಾದ್ರಿಯಲ್ಲದ ಸದಸ್ಯನಾಗಿ ಸೇರಿ, 1899ರಲ್ಲಿ ಮಂಗಳೂರಿಗೆ ಬಂದು, ಸುಮಾರು ಎರಡು ವರ್ಷಗಳಲ್ಲಿ ಇದನ್ನೆಲ್ಲ ಮುಗಿಸಿದರು. ಮನೆಯಿಂದ ಹೊರಡುವಾಗ ಇಷ್ಟು ಗೊತ್ತಿದ್ದರೆ ಸಾಕು. ಯಾವ ಚಿತ್ರದಲ್ಲಿ ಯಾವ ಕಥೆ ಎಂದು ಮೊದಲೇ ಓದಿಕೊಂಡು ಹೋಗಬೇಡಿ. ಕಥೆ ಗೊತ್ತಿದ್ದರೆ ಕಣ್ಣು ಚಿತ್ರದಲ್ಲಿ ಕಥೆಯನ್ನೇ ಹುಡುಕಿ, ಸಿಕ್ಕಿದ ಕೂಡಲೇ ‘ಸರಿ, ಮುಂದೆ’ ಎನ್ನುತ್ತದೆ.

ಒಂದು ಪುಟ್ಟ ಪುಸ್ತಕ, ಪೆನ್ಸಿಲ್, ಬೆವರು ಒರೆಸಲು ಕರವಸ್ತ್ರ ಇಟ್ಟುಕೊಳ್ಳಿ. ಶಾಯಿ ಸಿಡಿಯುವ ಭಯಕ್ಕೆ ಹಲವು ಕಲಾ ಗ್ಯಾಲರಿಗಳಲ್ಲಿ ಪೆನ್ ಬಿಡುವುದಿಲ್ಲವಾದ್ದರಿಂದ ಪೆನ್ಸಿಲ್ ಅಭ್ಯಾಸ ಒಳ್ಳೆಯದು. ಚಾವಣಿ ನೋಡಲು ಸಣ್ಣ ದುರ್ಬೀನು ಇದ್ದರೆ ತುಂಬಾ ಉಪಯೋಗ. 6 ಅಥವಾ 8 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು, ಅದಕ್ಕಿಂತ ಹೆಚ್ಚಿನದು ಕೈ ನಡುಗಿದಂತೆಲ್ಲ ಚಿತ್ರವನ್ನೂ ನಡುಗಿಸುತ್ತದೆ. ಫೋನು ಏರೋಪ್ಲೇನ್ ಮೋಡ್‌ನಲ್ಲಿ ಚೀಲದೊಳಗಿರಲಿ. ಚಾಪೆಲ್ ಒಳಗೆ ಫೋಟೊ ತೆಗೆಯುವಂತಿಲ್ಲ. ಈ ನಿಯಮ ನೋಡುವವರಿಗೇ ಅನುಕೂಲ: ಮ್ಯೂಸಿಯಂನಲ್ಲಿ ವಸ್ತುಗಳ ಫೋಟೊ ತೆಗೆದವರಿಗೆ, ಸುಮ್ಮನೆ ನೋಡಿದವರಿಗಿಂತ ಕಡಿಮೆ ನೆನಪು ಉಳಿಯಿತು ಎಂದು ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡುಬಂತು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ಕೈ ಬಿಡುತ್ತದೆ.

ಭಾನುವಾರ, ಹಬ್ಬದ ದಿನ, ಪೂಜೆಯ ಹೊತ್ತು ಬೇಡ. ಇದು ಮೊದಲು ಪ್ರಾರ್ಥನೆಯ ಜಾಗ, ಆಮೇಲೆ ಕಲೆಯ ಜಾಗ. ವಾರದ ದಿನ ಬೆಳಿಗ್ಗೆ ಬಾಗಿಲು ತೆರೆದ ಮೇಲಿನ ಮೊದಲ ಒಂದು ಗಂಟೆ ಉತ್ತಮ. ಪ್ರವಾಸಿ ಬಸ್ಸುಗಳು ಬರುವುದು ಅದರ ನಂತರ, ಸೆಕೆಯೂ ಕಡಿಮೆ. ಹೊಟ್ಟೆ ತೀರಾ ತುಂಬಿರಬಾರದು, ಖಾಲಿಯೂ ಇರಬಾರದು. ಎರಡೂ ಹತ್ತನೇ ನಿಮಿಷಕ್ಕೆ ತೊಂದರೆ ಕೊಡುತ್ತವೆ.

ಮೊದಲ ಐದು ನಿಮಿಷ: ಏನನ್ನೂ ನೋಡಬೇಡಿ

ಕರಾವಳಿಯ ಬಿಸಿಲಿನಿಂದ ಒಳಗೆ ಬಂದ ಕಣ್ಣು ಕೂಡಲೇ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಪಾಪೆ ಹಿಗ್ಗಲು ಕೆಲವು ಸೆಕೆಂಡು ಸಾಕು, ಆದರೆ ರೆಟಿನಾದ ಬಣ್ಣ ಕಾಣುವ ಕೋಶಗಳು ಮಂದ ಬೆಳಕಿಗೆ ಪೂರ್ತಿ ಹೊಂದಿಕೊಳ್ಳಲು ಐದರಿಂದ ಹತ್ತು ನಿಮಿಷ ಬೇಕು. ಒಳಗೆ ಕಾಲಿಟ್ಟ ಕೂಡಲೇ ನೋಡಿದರೆ ನೆರಳಿನ ಭಾಗಗಳೆಲ್ಲ ಒಂದೇ ಕಂದು ಮುದ್ದೆಯಾಗಿ ಕಾಣುತ್ತವೆ. ‘ಚಿತ್ರ ಮಸುಕಾಗಿದೆ’ ಎಂದು ಹೇಳುವ ಎಷ್ಟೋ ಜನ ನೋಡಿದ್ದು ತಮ್ಮದೇ ಕಣ್ಣಿನ ಮಸುಕನ್ನು.

ಹಾಗಾಗಿ ಹಿಂದಿನ ಭಾಗದ ಬೆಂಚಿನಲ್ಲಿ ಕೂತುಕೊಳ್ಳಿ. ಎರಡೂ ಪಾದ ನೆಲಕ್ಕೆ ಊರಿರಲಿ, ಬೆನ್ನು ಒರಗಲಿ. ಮುಂದಿನ ಬೆಂಚಿನ ಮರದ ಮೇಲೆ ದೃಷ್ಟಿಯಿಟ್ಟು ಉಸಿರಾಡಿ: ಎಳೆದುಕೊಳ್ಳುವಾಗ ನಾಲ್ಕು ಎಣಿಕೆ, ಬಿಡುವಾಗ ಆರು. ಹತ್ತು ಸಲ ಆದರೆ ಸಾಕು. ಬಿಡುವ ಉಸಿರು ಉದ್ದವಾದಷ್ಟು ಹೃದಯದ ಬಡಿತ ನಿಧಾನವಾಗುತ್ತದೆ. ಗುಡ್ಡೆ ಹತ್ತಿ ಬಂದ ದೇಹಕ್ಕೆ ಇದು ಬೇಕು. ಬೆವರು ಆರುವವರೆಗೆ ಕಾಯಿರಿ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆಮೇಲೆ ಗಮನ ನಿಲ್ಲಲಿಲ್ಲ ಎಂದು ತಮ್ಮ ಮನಸ್ಸನ್ನು ಬೈದುಕೊಳ್ಳುತ್ತಾರೆ.

ಒಂದನ್ನು ಆರಿಸುವುದು

ಎದ್ದು ಒಂದು ಸುತ್ತು ನಡೆಯಿರಿ, ಮೂರು ನಿಮಿಷ ಮೀರಬಾರದು. ‘ಯಾವುದು ಶ್ರೇಷ್ಠ’ ಎಂದು ಯೋಚಿಸಬೇಡಿ. ಯಾವ ಚಿತ್ರದ ಮುಂದೆ ಹೆಜ್ಜೆ ತಾನಾಗಿ ನಿಧಾನವಾಯಿತೋ ಅದೇ ಇವತ್ತಿನದು. ಎರಡರ ನಡುವೆ ಗೊಂದಲವಾದರೆ ಚಿತ್ರದೊಳಗಿನ ಜನರ ಸಂಖ್ಯೆ ಕಡಿಮೆ ಇರುವುದನ್ನು ಆರಿಸಿ. ಹೊಸಬರಿಗೆ ನಮ್ಮ ಶಿಫಾರಸು ಪಕ್ಕದ ಗೋಡೆಯ ಚಿತ್ರ, ಚಾವಣಿಯದ್ದಲ್ಲ. ಚಾವಣಿಯ ಮಧ್ಯದ ಸಾಲು ಎಷ್ಟೇ ಸೆಳೆದರೂ ಅದನ್ನು ಎರಡನೇ ಭೇಟಿಗೆ ಇಟ್ಟುಕೊಳ್ಳಿ. ಕುತ್ತಿಗೆ ನೋವು ಬಂದರೆ ಅಭ್ಯಾಸ ಅಲ್ಲಿಗೇ ಮುಗಿಯುತ್ತದೆ.

ಎಲ್ಲಿ ಕೂರಬೇಕು ಎನ್ನುವುದಕ್ಕೆ ಒಂದು ಅಳತೆ: ಚಿತ್ರ ಎಷ್ಟು ಅಗಲವೋ ಅದರ ಒಂದೂವರೆಯಿಂದ ಎರಡು ಪಟ್ಟು ದೂರ. ಅಷ್ಟು ದೂರದಲ್ಲಿ ತಲೆ ಆಡಿಸದೆ ಇಡೀ ಚಿತ್ರ ಕಾಣುತ್ತದೆ. ಕಿಟಕಿಯ ಪ್ರತಿಫಲನ ಬಿದ್ದು ಒಂದು ಭಾಗ ಹೊಳೆಯುತ್ತಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಹೊಳಪೂ ಸರಿಯುತ್ತದೆ.

ಆ ಹೊಳಪಿನಿಂದಲೇ ಒಂದು ವಿಷಯ ತಿಳಿಯುತ್ತದೆ. ಚಾಪೆಲ್‌ನ ಗೋಡೆಗಳಲ್ಲಿರುವುದು ಹಸಿ ಗಾರೆಯ ಚಿತ್ರ, ಫ್ರೆಸ್ಕೊ. ಚಾವಣಿಯಲ್ಲಿರುವುದು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಫ್ರೆಸ್ಕೊದಲ್ಲಿ ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುತ್ತಾರೆ. ಗಾರೆ ಒಣಗುತ್ತಾ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ, ಬಣ್ಣದ ಕಣಗಳು ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಫ್ರೆಸ್ಕೊದ ಮೈ ಮಂಕು, ತೈಲದ ಮೈಗೆ ಹೊಳಪು. ಗಾರೆ ಒಣಗುವ ಮೊದಲು ಮುಗಿಸಬೇಕಾದ್ದರಿಂದ ಫ್ರೆಸ್ಕೊ ಕಲಾವಿದ ದಿನಕ್ಕೆ ಆಗುವಷ್ಟೇ ಗಾರೆ ಮೆತ್ತಿಸಿಕೊಳ್ಳುತ್ತಾನೆ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವಿನ ಸಂದು, ಓರೆಯಾಗಿ ಬೆಳಕು ಬಿದ್ದಾಗ, ಕೆಲವೊಮ್ಮೆ ಕೂದಲೆಳೆಯಷ್ಟು ಗೆರೆಯಾಗಿ ಕಾಣುವುದುಂಟು. ಅದು ಹೆಚ್ಚಾಗಿ ಬಟ್ಟೆಯ ಮಡಿಕೆ, ಕತ್ತಿನ ಅಂಚು, ಬೆಟ್ಟದ ಸಾಲು ಇಂಥ ಕಡೆ ಅಡಗಿರುತ್ತದೆ. ಗೋಡೆ ಮುಟ್ಟಿ ನೋಡುವ ಆಸೆ ಬೇಡ. ಕೈಯ ಉಪ್ಪು, ಎಣ್ಣೆ, ಬೆವರು ಈಗಾಗಲೇ ಕಡಲಗಾಳಿಯ ತೇವ ಹೀರಿರುವ ಗಾರೆಗೆ ಇನ್ನಷ್ಟು ಕೆಡುಕು.

ಇಪ್ಪತ್ತು ನಿಮಿಷ

ಗಡಿಯಾರವನ್ನು ಒಮ್ಮೆ ನೋಡಿ, ಮಣಿಕಟ್ಟು ತಿರುಗಿಸಿಬಿಡಿ.

*ಒಂದರಿಂದ ಮೂರನೇ ನಿಮಿಷ.* ಚಿತ್ರದ ನಾಲ್ಕು ಅಂಚುಗಳ ಮೇಲೆ ಕಣ್ಣನ್ನು ನಿಧಾನವಾಗಿ ನಡೆಸಿ, ಎಡ ಮೇಲ್ಮೂಲೆಯಿಂದ ಶುರುಮಾಡಿ ಒಂದು ಪ್ರದಕ್ಷಿಣೆ. ಮುಖಗಳನ್ನು ಬೇಕೆಂದೇ ಬಿಡಿ. ನಮ್ಮ ಕಣ್ಣು ಮುಖ ಕಂಡರೆ ಅಲ್ಲಿಗೇ ಓಡುತ್ತದೆ, ಅಂಚಿನಲ್ಲಿ ಇರುವುದು ಬಿಟ್ಟುಹೋಗುತ್ತದೆ. ನೆಲ, ಮೆಟ್ಟಿಲು, ಮೋಡ, ಪರದೆ, ಒಂದು ಪಾದದ ಬೆರಳು, ಏನಿದೆಯೋ ಅದಕ್ಕೆ ಮನಸ್ಸಿನಲ್ಲೇ ಹೆಸರು ಹೇಳಿ: ‘ಕಲ್ಲು. ನೀಲಿ ಬಟ್ಟೆ. ಬರಿಗಾಲು.’ ಚಂದ, ಚಂದವಿಲ್ಲ ಎಂಬ ಮಾತು ಇನ್ನೂ ಬೇಡ.

*ನಾಲ್ಕರಿಂದ ಎಂಟು.* ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ. ಉಗುರಿನ ಅಗಲ ಎಷ್ಟು ಕಾಣುತ್ತದೋ, ಕಣ್ಣು ಒಂದು ಹೊತ್ತಿಗೆ ನಿಖರವಾಗಿ ನೋಡುವುದು ಹೆಚ್ಚುಕಡಿಮೆ ಅಷ್ಟೇ ಜಾಗವನ್ನು, ಎರಡು ಡಿಗ್ರಿ. ಉಳಿದದ್ದೆಲ್ಲ ಮಬ್ಬು, ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುವುದರಿಂದ ಎಲ್ಲವೂ ಕಂಡಂತೆ ಅನಿಸುತ್ತದೆ. ಅಂದರೆ ಆಳೆತ್ತರದ ಚಿತ್ರವೊಂದರಲ್ಲಿ ನೀವು ಒಮ್ಮೆಯೂ ನೇರವಾಗಿ ನೋಡದ ಭಾಗಗಳು ಬಹಳ ಇವೆ. ಈ ಐದು ನಿಮಿಷದಲ್ಲಿ ಹೆಬ್ಬೆರಳಿನಷ್ಟು ಜಾಗ ಐದು ಆರಿಸಿ, ಒಂದೊಂದಕ್ಕೆ ಆರು ಉಸಿರು ಕೊಡಿ. ಒಂದು ಕೈ, ಒಂದು ಬಟ್ಟೆಯ ಮಡಿಕೆ, ಒಂದು ನೆರಳಿನ ಮೂಲೆ, ಹಿನ್ನೆಲೆಯ ಒಂದು ತುಂಡು, ಕೊನೆಗೆ ಒಂದು ಮುಖ.

ಕೈಯನ್ನೇ ತೆಗೆದುಕೊಳ್ಳಿ. ಮೊದಲ ಉಸಿರಿಗೆ ಅದು ಬರೀ ಕೈ. ಎರಡನೆಯದಕ್ಕೆ ಬೆರಳುಗಳ ನಡುವಿನ ಅಂತರ ಒಂದೇ ಸಮ ಇಲ್ಲ ಎಂದು ಕಾಣುತ್ತದೆ. ಆಮೇಲೆ ಬೆಳಕು ಬಿದ್ದ ಗೆಣ್ಣು ಬೆಚ್ಚಗಿನ ಹಳದಿ, ಅದರ ಕೆಳಗಿನ ನೆರಳು ತಣ್ಣಗಿನ ಹಸಿರು ಅಥವಾ ಬೂದು ಎನ್ನುವುದು. ನೆರಳು ಕಪ್ಪಲ್ಲ, ಅದಕ್ಕೂ ಬಣ್ಣ ಇದೆ. ಅದರ ಅಂಚು ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಕರಗಿದಂತೆ. ಐದನೇ ಉಸಿರಿಗೆ ಕೈ ಏನು ಮಾಡುತ್ತಿದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ: ಕೊಡುತ್ತಿದೆಯೇ, ತಡೆಯುತ್ತಿದೆಯೇ, ಆಧಾರ ಹುಡುಕುತ್ತಿದೆಯೇ? ಅಷ್ಟರಲ್ಲಿ ನೀವು ಚಿತ್ರದ ಕಥೆಯ ಬಾಗಿಲಲ್ಲಿ ಇರುತ್ತೀರಿ, ಫಲಕ ಓದದೆ.

*ಒಂಬತ್ತರಿಂದ ಹನ್ನೊಂದು.* ಇಲ್ಲಿ ಬೇಸರ ಬರುತ್ತದೆ. ‘ನೋಡಿದ್ದಾಯಿತು’ ಅನಿಸುತ್ತದೆ, ಫೋನು ನೆನಪಾಗುತ್ತದೆ, ಕಾಲು ಎದ್ದು ನಿಲ್ಲಲು ನೋಡುತ್ತದೆ. ಇದು ಎಲ್ಲರಿಗೂ ಬರುತ್ತದೆ, ಬರಲೇಬೇಕು. ಸುಲಭವಾಗಿ ಸಿಗುವುದು ಮುಗಿದಿದೆ ಎಂಬುದಷ್ಟೇ ಇದರ ಅರ್ಥ. ಇಲ್ಲಿ ಎದ್ದು ಹೋದವರು ಅಭ್ಯಾಸದ ಒಳ್ಳೆಯ ಭಾಗಕ್ಕೆ ಎರಡು ನಿಮಿಷ ಮೊದಲು ಎದ್ದುಹೋದಂತೆ. ಬೇಸರದ ಜೊತೆ ಜಗಳವಾಡಬೇಡಿ. ಅದು ದೇಹದಲ್ಲಿ ಎಲ್ಲಿದೆ ಗಮನಿಸಿ, ದವಡೆಯಲ್ಲೋ ಭುಜದಲ್ಲೋ ಕಾಲಿನಲ್ಲೋ. ಅದನ್ನು ಸಡಿಲಿಸಿ, ಮೂರು ಉಸಿರು ಕಣ್ಣು ಮುಚ್ಚಿ, ಮತ್ತೆ ತೆರೆಯಿರಿ. ತೆರೆದ ಕೂಡಲೇ ಕಣ್ಣು ಮೊದಲು ಹೋದ ಜಾಗ ಯಾವುದು? ಕಲಾವಿದ ಅತಿ ಹೆಚ್ಚು ಬೆಳಕು ಇಟ್ಟ ಜಾಗ ಬಹುಪಾಲು ಅದೇ.

*ಹನ್ನೆರಡರಿಂದ ಹದಿನಾರು.* ಈಗ ಪ್ರಶ್ನೆಗಳು, ಒಂದಾದ ಮೇಲೆ ಒಂದು. ಬೆಳಕು ಎಲ್ಲಿಂದ ಬರುತ್ತಿದೆ? ಎಲ್ಲ ನೆರಳುಗಳೂ ಅದಕ್ಕೆ ಹೊಂದುತ್ತವೆಯೇ? ಯಾರು ಯಾರನ್ನು ನೋಡುತ್ತಿದ್ದಾರೆ, ಯಾರನ್ನು ಯಾರೂ ನೋಡುತ್ತಿಲ್ಲ? ಸುತ್ತಲಿನ ಕಂಬ, ಚೌಕಟ್ಟು, ಹೂಮಾಲೆಗಳಲ್ಲಿ ಯಾವುದು ನಿಜವಾಗಿ ಕಟ್ಟಿದ್ದು, ಯಾವುದು ಬರೆದದ್ದು? ಕೊನೆಯದನ್ನು ಹೀಗೆ ಪರೀಕ್ಷಿಸಿ: ತಲೆಯನ್ನು ಒಂದಡಿ ಪಕ್ಕಕ್ಕೆ ಸರಿಸಿ. ನಿಜವಾದ ಉಬ್ಬು ಹಿಂದಿನ ಗೋಡೆಯ ಮೇಲೆ ಸರಿದಂತೆ ಕಾಣುತ್ತದೆ, ಬರೆದ ಉಬ್ಬು ಅಲುಗುವುದಿಲ್ಲ.

ಪ್ರಶ್ನೆಯನ್ನು ಸುಮ್ಮನೆ ಕೇಳಿಕೊಂಡರೂ ಸಾಕು, ಕಣ್ಣಿನ ದಾರಿ ಬದಲಾಗುತ್ತದೆ. ಆಲ್ಫ್ರೆಡ್ ಯಾರ್ಬುಸ್ ಎಂಬ ರಷ್ಯಾದ ವಿಜ್ಞಾನಿ 1960ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬನೇ ವ್ಯಕ್ತಿಗೆ ಇಲ್ಯಾ ರೆಪಿನ್‌ನ ಒಂದೇ ಚಿತ್ರವನ್ನು ಬೇರೆ ಬೇರೆ ಪ್ರಶ್ನೆ ಕೊಟ್ಟು ತೋರಿಸಿದ. ಪಾತ್ರಗಳ ವಯಸ್ಸು ಕೇಳಿದಾಗ ಕಣ್ಣು ಮುಖಗಳ ಮೇಲೆಯೇ ಓಡಾಡಿತು, ಮನೆಯವರ ಸ್ಥಿತಿಗತಿ ಕೇಳಿದಾಗ ಬಟ್ಟೆ, ಪೀಠೋಪಕರಣಗಳ ಕಡೆ ಹೊರಳಿತು. ಎರಡನೇ ಸಲ ನೋಡುವಾಗ ಹೊಸ ಪ್ರಶ್ನೆ ಇಲ್ಲದಿದ್ದರೆ ಕಣ್ಣು ಹಳೆಯ ದಾರಿಯನ್ನೇ ಹಿಡಿಯುತ್ತದೆ.

*ಕೊನೆಯ ನಾಲ್ಕು ನಿಮಿಷ.* ಚಿತ್ರಕ್ಕೆ ಬೆನ್ನು ಹಾಕಿ ಕೂತು, ನೆನಪಿನಿಂದ ಪೆನ್ಸಿಲಿನಲ್ಲಿ ದೊಡ್ಡ ಆಕಾರಗಳನ್ನು ಗೀಚಿ: ಎಲ್ಲಿ ಕತ್ತಲು, ಎಲ್ಲಿ ಬೆಳಕು, ಎಷ್ಟು ಜನ. ಚಿತ್ರ ಬಿಡಿಸಲು ಬರುವುದಿಲ್ಲ ಎಂಬ ಮಾತು ಇಲ್ಲಿ ಬೇಡ, ನಾಲ್ಕು ಗೀರು ಸಾಕು. ಆಮೇಲೆ ತಿರುಗಿ ನೋಡಿ. ಬಿಟ್ಟುಹೋದ ಒಂದು ಆಕೃತಿ ಖಂಡಿತ ಇರುತ್ತದೆ. ಉಳಿದ ಸಮಯ ಅದಕ್ಕೆ.

ಕಥೆ ತಿಳಿದುಕೊಳ್ಳುವುದು ಈಗ. ಚಾವಣಿಯ ಮಧ್ಯದ ಸಾಲು ಸಂತ ಅಲೋಶಿಯಸ್ ಗೊನ್ಜಾಗನ ಜೀವನ: 1568ರಲ್ಲಿ ಶ್ರೀಮಂತ ಮನೆತನದ ಹಿರಿಯ ಮಗನಾಗಿ ಹುಟ್ಟಿ, ಪಿತ್ರಾರ್ಜಿತವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿ, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡಿ ಅದೇ ರೋಗ ತಗಲಿ 1591ರಲ್ಲಿ 23ನೇ ವಯಸ್ಸಿಗೆ ತೀರಿಕೊಂಡ ತರುಣ. ಚಾವಣಿಯ ಇಳಿಜಾರಿನಲ್ಲಿ ಯೇಸುವಿನ ಪ್ರೇಷಿತರು, ಅಂದರೆ ಆಪ್ತ ಶಿಷ್ಯರು ಇದ್ದಾರೆ; ಹಲವರ ಕೈಯಲ್ಲಿ ಅವರ ಪ್ರಾಣ ತೆಗೆದ ಆಯುಧವೇ ಇದೆ. ಕ್ರೈಸ್ತ ಕಲೆಯ ಸಂಪ್ರದಾಯದಲ್ಲಿ ಚೂರಿ ಬಾರ್ತಲೋಮಿಯೊನದು, ಗುಣಾಕಾರದ ಗುರುತಿನಂಥ ಶಿಲುಬೆ ಆಂದ್ರೆಯನದು. ಈ ವಿಷಯದಲ್ಲಿ ನಮ್ಮೂರಿನವರ ಕಣ್ಣಿಗೆ ಮೊದಲೇ ತರಬೇತಿ ಇದೆ: ರಂಗಸ್ಥಳಕ್ಕೆ ಬರುವ ಮೊದಲೇ ಕಿರೀಟ, ಮುಖವರ್ಣಿಕೆ ನೋಡಿ ಯಾವ ವೇಷ ಎಂದು ಹೇಳುವ ಯಕ್ಷಗಾನದ ಪ್ರೇಕ್ಷಕರಿಗೆ ಆಯುಧ ನೋಡಿ ಸಂತನನ್ನು ಗುರುತಿಸುವುದು ಕಷ್ಟವಲ್ಲ.

ಏನು ತಪ್ಪುತ್ತದೆ, ಯಾಕೆ

ಒಂದೇ ಬಿಂದುವನ್ನು ರೆಪ್ಪೆ ಮಿಟುಕಿಸದೆ ದಿಟ್ಟಿಸಿದರೆ ಸುತ್ತಲಿನದು ಮಾಸಿ ಹೋದಂತೆ ಕಾಣುತ್ತದೆ. ಕೆಲವರು ಇದನ್ನು ಧ್ಯಾನದ ಅನುಭವ ಎಂದು ತಿಳಿಯುತ್ತಾರೆ. ಅಲ್ಲ. ಬದಲಾಗದ ಚಿತ್ರಕ್ಕೆ ಕಣ್ಣಿನ ನರಗಳು ಪ್ರತಿಕ್ರಿಯಿಸುವುದನ್ನು ನಿಲ್ಲಿಸುವುದರಿಂದ ಆಗುವ ಸಹಜ ಕ್ರಿಯೆ ಅದು. 1804ರಲ್ಲೇ ಟ್ರಾಕ್ಸ್ಲರ್ ಎಂಬ ವೈದ್ಯ ಗುರುತಿಸಿದ್ದ. ರೆಪ್ಪೆ ಮಿಟುಕಿಸಿ, ಕಣ್ಣು ಸರಿಸಿ, ಎಲ್ಲ ಮರಳುತ್ತದೆ.

ಚಾವಣಿ ನೋಡುವಾಗ ತಲೆ ಸುತ್ತುವುದು ಕುತ್ತಿಗೆ ತುಂಬಾ ಹಿಂದಕ್ಕೆ ಬಾಗಿದ್ದರಿಂದ. ನಿಂತು ನೋಡಲೇಬೇಡಿ. ಬೆಂಚಿನಲ್ಲಿ ಸೊಂಟ ಮುಂದಕ್ಕೆ ಜಾರಿಸಿ ಬೆನ್ನು ಒರಗಿಸಿದರೆ ಬಾಗುವ ಕೆಲಸ ಕುತ್ತಿಗೆಯಿಂದ ಬೆನ್ನಿಗೆ ಹೋಗುತ್ತದೆ. ಒಂದು ನಿಮಿಷ ನೋಟ, ಅರ್ಧ ನಿಮಿಷ ವಿರಾಮ. ಕುತ್ತಿಗೆಯ ತೊಂದರೆ ಇರುವವರು ಅಂಗೈಯಗಲದ ಕನ್ನಡಿಯನ್ನು ತೊಡೆಯ ಮೇಲಿಟ್ಟು ಅದರಲ್ಲಿ ಚಾವಣಿ ನೋಡಬಹುದು. ಎಡಬಲ ಅದಲುಬದಲಾಗುತ್ತದೆ ಎಂಬುದು ನೆನಪಿರಲಿ.

ಮಾರ್ಗದರ್ಶಕರ ಮಾತು, ಮಕ್ಕಳ ಗಲಾಟೆ ಕಿವಿಗೆ ಬಿದ್ದರೆ ಕಿವಿ ಮುಚ್ಚುವುದರಿಂದ ಪ್ರಯೋಜನವಿಲ್ಲ. ‘ಶಬ್ದ’ ಎಂದು ಒಮ್ಮೆ ಗುರುತಿಸಿ ಮತ್ತೆ ಹೆಬ್ಬೆರಳಿನಷ್ಟು ಜಾಗಕ್ಕೆ ಮರಳಿ.

ಇನ್ನೊಂದು ತೊಡಕು ಭಕ್ತಿಯದು ಅಥವಾ ಅದರ ಕೊರತೆಯದು. ಬೇರೆ ಧರ್ಮದ ಚಿತ್ರದ ಮುಂದೆ ಹೇಗಿರಬೇಕು ಎಂಬ ಸಂಕೋಚ ಕೆಲವರಿಗೆ. ಪ್ರಾರ್ಥಿಸುವವರ ಸಾಲಿಗೆ ಅಡ್ಡ ಬಾರದೆ, ಮೌನವಾಗಿ, ಮನಸ್ಸಿಟ್ಟು ನೋಡಿದರೆ ಆ ಜಾಗಕ್ಕೆ ಸಲ್ಲಬೇಕಾದ ಗೌರವ ಸಲ್ಲುತ್ತದೆ.

ಬೇರೆ ಕಡೆಗಳಲ್ಲಿ

ಕದ್ರಿ ಮಂಜುನಾಥ ದೇವಸ್ಥಾನದ ಕಂಚಿನ ಲೋಕೇಶ್ವರ, ಆಳುಪ ದೊರೆ ಕುಂದವರ್ಮ 968ರಲ್ಲಿ ಸ್ಥಾಪಿಸಿದ್ದು. ದಕ್ಷಿಣ ಭಾರತದ ಅತ್ಯುತ್ತಮ ಕಂಚುಗಳಲ್ಲಿ ಒಂದು. ಆದರೆ ದೇವಸ್ಥಾನದಲ್ಲಿ ಇಪ್ಪತ್ತು ನಿಮಿಷ ಅಡ್ಡ ನಿಲ್ಲುವಂತಿಲ್ಲ. ಸಿಗುವ ಅರ್ಧ ನಿಮಿಷಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ: ಇವತ್ತು ಕೈಗಳು ಮಾತ್ರ. ಹೊರಬಂದು ಕಟ್ಟೆಯಲ್ಲಿ ಕೂತು ನೆನಪು ಮಾಡಿಕೊಳ್ಳಿ. ಮುಂದಿನ ಸಲ ಕಿರೀಟ, ಅದರ ಮುಂದಿನ ಸಲ ಪೀಠ.

ಕಾರ್ಕಳದ ಗೊಮ್ಮಟನಿಗೆ ಲೆಕ್ಕ ಬೇರೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಸುಮಾರು 42 ಅಡಿಯ ಏಕಶಿಲೆ. ಪಾದದ ಬುಡದಲ್ಲಿ ನಿಂತರೆ ಮುಖ ಮೊಟಕಾಗಿ ಕಾಣುತ್ತದೆ, ಆದ್ದರಿಂದ ಅಂಗಳದ ತುದಿಯವರೆಗೆ ಹಿಂದೆ ಸರಿಯಿರಿ. ತೊಡೆ, ತೋಳುಗಳನ್ನು ಸುತ್ತಿದ ಬಳ್ಳಿಯನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಒಂದು ಸಲ, ಎಲೆ ಬಿಡದೆ, ಕಣ್ಣಿನಲ್ಲಿ ಹಿಂಬಾಲಿಸುವುದೇ ಇಲ್ಲಿನ ಅಭ್ಯಾಸ. ಬರಿಗಾಲಿಗೆ ಮಾರ್ಚಿನಿಂದ ಮೇವರೆಗೆ ಮಧ್ಯಾಹ್ನದ ಬಂಡೆ ಸುಡುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಬೆಳಿಗ್ಗೆ ಬೇಗ ಹೋಗಿ. ಓರೆ ಬಿಸಿಲಿನಲ್ಲಿ ಶಿಲೆಯ ಉಬ್ಬುತಗ್ಗು ಕಾಣುವಷ್ಟು ನಡುಹಗಲಲ್ಲಿ ಕಾಣುವುದಿಲ್ಲ.

ಉಡುಪಿ ಕಡೆಯವರಿಗೆ ಮಣಿಪಾಲದಲ್ಲಿ ಚಿತ್ರಕಲಾವಿದ ಕೆ.ಕೆ. ಹೆಬ್ಬಾರ್ ಹೆಸರಿನ ಗ್ಯಾಲರಿ ಇದೆ. ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹೆಬ್ಬಾರ್, ಲಯ ಅರಿಯಲೆಂದು ಕಥಕ್ ಕಲಿತವರು. ಅವರ ರೇಖಾಚಿತ್ರದ ಮುಂದೆ ಕಣ್ಣನ್ನು ಗೆರೆಯ ವೇಗದಲ್ಲೇ ಓಡಿಸಿ. ಎಲ್ಲಿ ಗೆರೆ ದಪ್ಪವಾಯಿತು, ಎಲ್ಲಿ ಕೈ ಎತ್ತಿದರು, ಎಲ್ಲಿ ಒಂದೇ ಉಸಿರಿಗೆ ಸೊಂಟದಿಂದ ಹಿಮ್ಮಡಿಗೆ ಬಂದರು ಎನ್ನುವುದನ್ನು ಹಿಡಿಯಿರಿ. ಕಿಸೆಯೊಳಗೆ ತೋರುಬೆರಳಿನಲ್ಲಿ ಅದೇ ಗೆರೆ ಎಳೆದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ರೇಖೆಗೆ ಹತ್ತು ನಿಮಿಷ ಸಾಕು, ಬಣ್ಣಕ್ಕೆ ಸಾಲದು.

ಮಕ್ಕಳನ್ನು ಕರೆದೊಯ್ಯುವುದಾದರೆ ಹತ್ತು ವರ್ಷದೊಳಗಿನವರಿಗೆ ಐದು ನಿಮಿಷ ಮೀರಿಸಬೇಡಿ, ಉಸಿರಿನ ಎಣಿಕೆಯೂ ಬೇಡ. ‘ಬರಿಗಾಲು ಎಷ್ಟಿವೆ ಎಣಿಸು’ ಎಂದರೆ ಸಾಕು. ದೊಡ್ಡವರ ಗುಂಪಾದರೆ ನಾಲ್ಕು ಜನರಿಗಿಂತ ಹೆಚ್ಚು ಬೇಡ, ಇಪ್ಪತ್ತು ನಿಮಿಷ ಮುಗಿಯುವವರೆಗೆ ಮಾತಿಲ್ಲ. ಆಮೇಲೆ ಹೊರಗೆ ಬಂದು ಒಬ್ಬೊಬ್ಬರೂ ತಾವು ಕಂಡ ಒಂದು ವಿವರ ಹೇಳಲಿ, ಅಭಿಪ್ರಾಯವಲ್ಲ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕಂಡಿರದಿದ್ದರೆ, ಚಾಪೆಲ್ ಮುಚ್ಚುವ ಮೊದಲು ಒಳಗೆ ಹೋಗಿ ನೋಡಿ ಬರಲಿ.